ಎರಡು ಚಾನೆಲ್, ಒಂದು ತಂತಿ

ಕಾರವಾರದ ಕೋಡಿಬಾಗದಲ್ಲಿರುವ ನನ್ನ ಗೆಳೆಯನ ಮನೆಯಲ್ಲಿ 70ರ ದಶಕದ ಒಂದು ಫೆಂಡರ್ ಡಿಲಕ್ಸ್ ರಿವರ್ಬ್ ಗಿಟಾರ್ ಆಂಪ್ (ಆಂಪ್ಲಿಫೈಯರ್) ಇದೆ. ಗೋವಾದಲ್ಲಿ ಮದುವೆ ಬ್ಯಾಂಡಿಗೆ ಗಿಟಾರ್ ನುಡಿಸುತ್ತಿದ್ದ ಅವನ ಚಿಕ್ಕಪ್ಪ ಕೊಟ್ಟದ್ದು. ಸುಮಾರು 20 ವ್ಯಾಟ್, 12 ಇಂಚಿನ ಒಂದೇ ಸ್ಪೀಕರ್, ಒಳಗೆಲ್ಲ ವಾಲ್ವ್, ಅಂದರೆ ಟ್ರಾನ್ಸಿಸ್ಟರ್‌ಗೂ ಹಿಂದಿನ ಕಾಲದ ಗಾಜಿನ ಕೊಳವೆಗಳು. ಅಮೆರಿಕದ ಕರೆಂಟಿಗೆ ಮಾಡಿದ ಆಂಪ್ ಆದ್ದರಿಂದ, ನಮ್ಮ 230 ವೋಲ್ಟ್ ಇಳಿಸಲು ಪಕ್ಕದಲ್ಲಿ ಒಂದು ಭಾರದ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಇದರಲ್ಲಿ ಎರಡು ಚಾನೆಲ್, ಅಂದರೆ ಗಿಟಾರಿನ ಸಿಗ್ನಲ್ ಹೋಗಲು ಎರಡು ಬೇರೆ ಬೇರೆ ದಾರಿ. ವೈಬ್ರೇಟೋ ಚಾನೆಲ್‌ಗೆ ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗ್‌ನಿಂದ ಬರುವ ಪ್ರತಿಧ್ವನಿ) ಇದೆ, ಟ್ರೆಮೊಲೊ (ದನಿಯ ಜೋರು ಅಲೆಯಂತೆ ಏರಿಳಿಯುವುದು) ಇದೆ. ನಾರ್ಮಲ್ ಚಾನೆಲ್‌ಗೆ ಎರಡೂ ಇಲ್ಲ. ಗೆಳೆಯನಿಗೆ ಎರಡನ್ನೂ ಸೇರಿಸಿ ನುಡಿಸುವ ಆಸೆ. ಒಂದು ಚಿಕ್ಕ ಕೇಬಲ್‌ನಿಂದ ಎರಡು ಚಾನೆಲ್ ಜೋಡಿಸಿದ. ದನಿ ದಪ್ಪ ಆಗುವ ಬದಲು ತೆಳ್ಳಗಾಯಿತು, ಬೇಸ್ ಮಾಯವಾಯಿತು. ವಾಲ್ವ್ ಹೋಗಿದೆ ಅಂದುಕೊಂಡು ನನಗೆ ಫೋನ್ ಮಾಡಿದ.

ವಾಲ್ವ್ ಸರಿಯಾಗಿಯೇ ಇತ್ತು. ಸರ್ಕ್ಯೂಟ್ ಇರುವುದೇ ಹಾಗೆ. ಈ ಆಂಪ್‌ನಲ್ಲಿ ವಾಲ್ವ್‌ನ ಒಂದೊಂದು ಹಂತ ದಾಟಿದಾಗಲೂ ಸಿಗ್ನಲ್ ತಲೆಕೆಳಗಾಗುತ್ತದೆ. ನಾರ್ಮಲ್ ಚಾನೆಲ್‌ನಲ್ಲಿ ಅದು ಎರಡು ಹಂತ ದಾಟುತ್ತದೆ. ವೈಬ್ರೇಟೋದಲ್ಲಿ ರಿವರ್ಬ್ ಬೆರೆತ ಮೇಲೆ ಇನ್ನೊಂದು ಹಂತ ಇರುವುದರಿಂದ ಮೂರು. ಹಾಗಾಗಿ ಕೊನೆಯಲ್ಲಿ ಎರಡೂ ಸೇರುವಾಗ ಒಂದು ಮೇಲೇರುತ್ತಿದ್ದರೆ ಇನ್ನೊಂದು ಕೆಳಗಿಳಿಯುತ್ತಿರುತ್ತದೆ. ಒಂದನ್ನೊಂದು ಅಳಿಸುತ್ತವೆ. ಇಷ್ಟು ಒಳ್ಳೆಯ ದನಿಯ ಎರಡು ಚಾನೆಲ್ ಒಂದೇ ಪೆಟ್ಟಿಗೆಯೊಳಗೆ ಹೀಗೆ ಎದುರುಬದುರಾಗಿ ನಿಂತಿವೆಯಲ್ಲ ಅಂತ ನನಗೆ ನಿಜಕ್ಕೂ ಬೇಜಾರಾಗಿತ್ತು.

ಹಳೆಯ ಆಂಪ್‌ಗೆ ತೂತು ಕೊರೆಯುವುದು, ಹೊಸ ಸ್ವಿಚ್ ಹಾಕುವುದು ನನಗೆ ಇಷ್ಟವಿಲ್ಲ. ಅದೃಷ್ಟಕ್ಕೆ ಈ ಕೆಲಸಕ್ಕೆ ಅದ್ಯಾವುದೂ ಬೇಡ. ಮೊದಲನೇ ವಾಲ್ವ್ ನಾರ್ಮಲ್ ಚಾನೆಲ್‌ನದು, ಎರಡನೆಯದು ವೈಬ್ರೇಟೋದ್ದು; ಮೊದಲನೆಯದರ ಆರನೇ ಪಿನ್ನನ್ನು ಎರಡನೆಯದರ ಆರನೇ ಪಿನ್ನಿಗೆ ಸೇರಿಸಿದರೆ ನಾರ್ಮಲ್ ಚಾನೆಲ್ ಕೂಡ ರಿವರ್ಬ್ ದಾರಿಯಲ್ಲೇ ಹೋಗುತ್ತದೆ. ಆ ಮೂರನೇ ಹಂತ ಅದಕ್ಕೂ ಸಿಗುತ್ತದೆ. ಹೇಳುವಾಗ ಇಷ್ಟೇ ಸುಲಭ.

ಕೆಲಸಕ್ಕೆ ಕೂರುವಾಗ ಪಕ್ಕದ ಬೀದಿಯ ರೇಡಿಯೋ ಮಾಮನನ್ನೂ ಕರೆದೆವು. ಯಕ್ಷಗಾನದ ಮೈಕ್ ಸೆಟ್‌ಗಳಲ್ಲಿ ವಾಲ್ವ್ ಇದ್ದ ಕಾಲದಿಂದ ರಿಪೇರಿ ಮಾಡಿದವರು. ನಾನು ಚಾಸಿ (ಸರ್ಕ್ಯೂಟ್ ಕೂರಿಸಿದ ಲೋಹದ ತಟ್ಟೆ) ಹೊರಗೆ ತೆಗೆಯುತ್ತಿದ್ದಂತೆ ಕೈ ಅಡ್ಡ ಹಿಡಿದರು. "ತಮಾ, ಕಂಡೆನ್ಸರ್ ಖಾಲಿಯಾಗದೇ ಒಳಗೆ ಕೈ ಹಾಕಬೇಡ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಜೀವ ಇರ್ತದೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಕಂಡೆನ್ಸರ್ ಅಂದರೆ ಕೆಪಾಸಿಟರ್, ಕರೆಂಟ್ ತುಂಬಿಟ್ಟುಕೊಳ್ಳುವ ಬಿಡಿಭಾಗ; ಈ ಆಂಪ್‌ನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟಿಗೂ ಜಾಸ್ತಿ ತುಂಬಿರುತ್ತದೆ. ಜೀವ ತೆಗೆಯಲು ಅಷ್ಟು ಬೇಕಾದಷ್ಟಾಯಿತು. ಪ್ಲಗ್ ಕಿತ್ತು, ಇನ್ಸುಲೇಷನ್ ಇರುವ ಕ್ಲಿಪ್ಪಿನಲ್ಲಿ ರೆಸಿಸ್ಟರ್ ಸಿಕ್ಕಿಸಿ ಆ ವೋಲ್ಟೇಜನ್ನು ನಿಧಾನವಾಗಿ ಇಳಿಸಿದೆವು. ಮೀಟರ್ ಸೊನ್ನೆಯ ಹತ್ತಿರ ಬರುವವರೆಗೂ ಮಾಮ ಯಾರಿಗೂ ಮಾತಾಡಲು ಬಿಡಲಿಲ್ಲ. ವಾಲ್ವ್ ಕೆಲಸ ಗೊತ್ತಿಲ್ಲದವರು ದಯವಿಟ್ಟು ಇದಕ್ಕೆ ಒಬ್ಬರೇ ಕೈ ಹಾಕಬೇಡಿ.

ಆಮೇಲೆ ಮೊದಲನೇ ವಾಲ್ವ್‌ನ ಆರನೇ ಪಿನ್ನಿನಿಂದ ಬೋರ್ಡಿಗೆ ಹೋಗುವ ತಂತಿಯನ್ನು ಪಿನ್ನಿನ ಕಡೆ ಬಿಡಿಸಿದೆ. ಅದರ ತುದಿಗೆ ಸ್ಲೀವ್ ಹಾಕಿ ಮುಚ್ಚಿದೆ. ಆಂಪ್ ಆನ್ ಇರುವಾಗ ಆ ತುದಿಯಲ್ಲೂ ಹೈ ವೋಲ್ಟೇಜ್ ಇರುತ್ತದೆ, ಸುಮ್ನೆ ಬಿಡುವ ಹಾಗಿಲ್ಲ. ಖಾಲಿಯಾದ ಆ ಪಿನ್ನಿನಿಂದ ಎರಡನೇ ವಾಲ್ವ್‌ನ ಆರನೇ ಪಿನ್ನಿಗೆ ಹೊಸ ತಂತಿ ಸೋಲ್ಡರ್ ಮಾಡಿದೆ. ಎರಡು ವಾಲ್ವ್‌ಗಳ ಸಾಕೆಟ್‌ಗಳು ಅಕ್ಕಪಕ್ಕದಲ್ಲೇ ಇವೆ, ಗೇಣುದ್ದದ ತಂತಿಯೂ ಬೇಕಾಗಲಿಲ್ಲ. ಬೋರ್ಡಿನ ಮೇಲಿನ ಹಳೆಯ ರೆಸಿಸ್ಟರ್, ಕೆಪಾಸಿಟರ್ ಯಾವುದನ್ನೂ ಮುಟ್ಟಲಿಲ್ಲ. ಉಪ್ಪು ಗಾಳಿಗೆ ಕಪ್ಪಾಗಿದ್ದ ಜಾಕ್‌ಗಳನ್ನು ಮಾತ್ರ ಉಜ್ಜಿ ಬೆಳ್ಳಗೆ ಮಾಡಿದೆವು. ಕಾರವಾರದಲ್ಲಿ ಈ ಕೆಲಸ ತಪ್ಪಿದ್ದಲ್ಲ.

ಆನ್ ಮಾಡಿ ಅಳೆದಾಗ ಆರನೇ ಪಿನ್ನಿನ ವೋಲ್ಟೇಜ್ ಮೊದಲಿಗಿಂತ ಕೆಳಗಿತ್ತು. ಈಗ ಒಂದೇ 100 ಕಿಲೋ ಓಮ್ ರೆಸಿಸ್ಟರ್ ಮೂಲಕ ಎರಡು ವಾಲ್ವ್ ಕರೆಂಟ್ ಎಳೆಯುತ್ತವೆ, ಇಳಿಯಲೇಬೇಕು. ಒಂದೊಂದೇ ಚಾನೆಲ್ ನುಡಿಸಿದರೆ ದನಿಯ ಜೋರು ಸ್ವಲ್ಪ ಕಡಿಮೆಯಾಗಿದ್ದೂ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಅದು ಕೊಡಬಹುದಾದ ಬೆಲೆ.

ಗೆಳೆಯ ಅದೇ ಚಿಕ್ಕ ಕೇಬಲ್ ಹಾಕಿ ಗಿಟಾರಿನ ಅತಿ ದಪ್ಪದ ಇ ತಂತಿ ಮೀಟಿದ. ಬೇಸ್ ಎದೆಗೆ ತಾಗಿತು. ನಾರ್ಮಲ್ ಚಾನೆಲ್‌ನ ದುಂಡು ದನಿಯ ಮೇಲೆ ವೈಬ್ರೇಟೋದ ಹೊಳಪು, ಎರಡಕ್ಕೂ ಸೇರಿ ರಿವರ್ಬ್. ಒಂದರ ಟ್ರೆಬಲ್ ತಗ್ಗಿಸಿ, ಇನ್ನೊಂದರ ಬೇಸ್ ತಗ್ಗಿಸಿ ಹದ ಹುಡುಕುತ್ತಾ ಹೋದ. ಇಂಥ ದನಿ ಈ ಪೆಟ್ಟಿಗೆಯಲ್ಲಿ ಇಷ್ಟು ವರ್ಷ ಇತ್ತು, ಯಾರಿಗೂ ಸಿಕ್ಕಿರಲಿಲ್ಲ ಅಲ್ವಾ? ನನಗೆ ಕಣ್ಣು ತುಂಬಿ ಬಂತು. ಮಾಮ ಟ್ರೆಮೊಲೊ ಹಾಕಿಸಿ ಮತ್ತೆ ಮತ್ತೆ ಕೇಳಿದರು. "ಹಿಂದೆ ನಮ್ಮ ಮೈಕ್ ಸೆಟ್ಟಿನಲ್ಲಿ ಇದೊಂದು ಇರಲಿಲ್ಲ ನೋಡು" ಅಂದರು.

ಮುಚ್ಚುವ ಮೊದಲು ಒಂದು ಹಾಳೆಯಲ್ಲಿ ಚಿತ್ರ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿದೆವು. ಯಾವ ತಂತಿ ಬಿಡಿಸಿದ್ದು, ಯಾವುದು ಹೊಸದು, ಮೊದಲಿನಂತೆ ಮಾಡಲು ಎಲ್ಲಿ ಸೋಲ್ಡರ್ ಮಾಡಬೇಕು, ಎಲ್ಲ ಅದರಲ್ಲಿದೆ. ಮುಂದೆ ಈ ಆಂಪ್ ಯಾರ ಕೈಗೆ ಹೋದರೂ ಹಳೆಯದು ಬೇಕೋ ಹೊಸದು ಬೇಕೋ ಅವರೇ ತೀರ್ಮಾನಿಸಲಿ. ಫಿಲ್ಟರ್ ಕೆಪಾಸಿಟರ್‌ಗಳಿಗೆ ವಯಸ್ಸಾಗಿದೆ, ಮಳೆಗಾಲದೊಳಗೆ ಬದಲಿಸಬೇಕು. ಅದಕ್ಕೂ ಮಾಮನೇ ಬರುತ್ತಾರಂತೆ.