ಹಡಗಿನ ಹಳೇ ಬಾರೋಮೀಟರ್ ಅಸಲಿ ಅಂತ ಹೇಗೆ ಗೊತ್ತಾಗುತ್ತೆ?

ಮಂಗಳೂರಿನ ನಮ್ಮ ಮನೆಗೆ ಬಂದವರು ಗೋಡೆಯ ಮೇಲಿನ ಬಾರೋಮೀಟರ್‌ಗಳನ್ನು, ಅಂದರೆ ಗಾಳಿಯ ಒತ್ತಡ ಅಳೆಯುವ ಯಂತ್ರಗಳನ್ನು, ನೋಡಿ ಇದನ್ನೇ ಕೇಳುತ್ತಾರೆ: "ಇವು ಎರಡನೇ ಮಹಾಯುದ್ಧದ ಹಡಗಿನವೇ ಅಂತ ಹೇಗೆ ನಂಬೋದು?"

ನಾನು ಮೊದಲು ನೋಡುವುದು ಹೊಳಪನ್ನು. ಥಳಥಳಿಸುವ ಹಿತ್ತಾಳೆ, ನಡುವೆ ದೊಡ್ಡದಾಗಿ 'ರಾಯಲ್ ನೇವಿ 1942' ಅಂತ ಕೆತ್ತನೆ ಇದ್ದರೆ ಅದಕ್ಕೆ ಕೈ ಹಾಕುವುದಿಲ್ಲ. ಅಂಥವು ರೂರ್ಕಿ, ಮೊರಾದಾಬಾದ್ ಕಡೆ ಇವತ್ತಿಗೂ ತಯಾರಾಗುತ್ತವೆ. ಶೋಕೇಸಿಗೆ ಚೆನ್ನ, ಅಷ್ಟೆ. ಯುದ್ಧದ ಹೊತ್ತಿನಲ್ಲಿ ಹಿತ್ತಾಳೆ ತೋಟಾಗಳಿಗೇ ಬೇಕಿತ್ತು. ಅಮೆರಿಕದ ನೌಕಾಪಡೆಯ ಎಷ್ಟೋ ಗಡಿಯಾರಗಳಿಗೆ ಕಪ್ಪು ಬೇಕಲೈಟ್ (ಗಟ್ಟಿ ಪ್ಲಾಸ್ಟಿಕ್) ಕವಚ ಬಂದದ್ದು ಆಗ. ಬ್ರಿಟಿಷ್ ಸರ್ಕಾರದ ವಸ್ತುವಾದರೆ ಎಲ್ಲೋ ಒಂದು ಪುಟ್ಟ ಬಾಣದ ಗುರುತು, ಪಕ್ಕದಲ್ಲಿ ಒಂದು ನಂಬರ್. ಆ ಬಾಣವನ್ನೂ ನಕಲು ಮಾಡುತ್ತಾರೆ. ಹಾಗಾಗಿ ಸ್ಕ್ರೂ, ಬಣ್ಣ, ಗಾಜಿನ ಅಂಚು ಎಲ್ಲದರ ವಯಸ್ಸೂ ಒಂದಕ್ಕೊಂದು ಹೊಂದುತ್ತದಾ ಅಂತ ನೋಡಬೇಕು.

ಆಮೇಲೆ ಮುಳ್ಳು. ಒಳಗೆ ಗಾಳಿ ತೆಗೆದ ತೆಳು ಲೋಹದ ಡಬ್ಬಿ ಇರುತ್ತದೆ. ಹೊರಗಿನ ಗಾಳಿ ಒತ್ತಿದಷ್ಟೂ ಅದು ಕುಗ್ಗುತ್ತದೆ, ಮುಳ್ಳು ಸರಿಯುತ್ತದೆ. ನಮ್ಮ ಕಡಲತೀರದಲ್ಲಿ ಒತ್ತಡ ಬೆಳಿಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಹೊತ್ತಿಗೆ ಕೆಲವು ಮಿಲಿಬಾರ್ (ಒತ್ತಡದ ಅಳತೆ) ಇಳಿಯುತ್ತದೆ. ಗಾಜನ್ನು ಬೆರಳಿಂದ ಮೆಲ್ಲಗೆ ತಟ್ಟಿದರೆ ಮುಳ್ಳು ಕೂದಲೆಳೆಯಷ್ಟು ಕದಲುವುದು ಕಾಣುತ್ತದೆ. ಅಸಲಿ ಅನ್ನಲು ಇದಿಷ್ಟೇ ಸಾಲದು. ಆದರೆ ಯಂತ್ರ ಕೆಟ್ಟಿಲ್ಲ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಯುದ್ಧದಲ್ಲಿ ಹಡಗುಗಳು ಶತ್ರುವಿಗೆ ಸುಳಿವು ಸಿಗಬಾರದೆಂದು ರೇಡಿಯೋದಲ್ಲಿ ಹವಾಮಾನ ವರದಿ ಕಳಿಸುವುದನ್ನು ನಿಲ್ಲಿಸಿದ್ದವು. ಒತ್ತಡ ಇಳಿಯುತ್ತಿದೆ, ಬಿರುಗಾಳಿ ಹತ್ತಿರ ಇದೆ ಅಂತ ತಿಳಿಯಲು ತಮ್ಮ ಹಡಗಿನ ಮುಳ್ಳನ್ನೇ ನಂಬಬೇಕಿತ್ತು. 1944ರ ಡಿಸೆಂಬರ್ 18ರಂದು ಫಿಲಿಪ್ಪೀನ್ಸ್ ಬಳಿ ಅಮೆರಿಕದ ನೌಕಾದಳ ಚಂಡಮಾರುತದ ಒಳಗೇ ಸಿಕ್ಕಿಕೊಂಡಿತು. ಹಲ್, ಸ್ಪೆನ್ಸ್, ಮೊನಾಹನ್ ಎಂಬ ಮೂರು ಡಿಸ್ಟ್ರಾಯರ್ ಯುದ್ಧನೌಕೆಗಳು ಮುಳುಗಿದವು. ಸುಮಾರು 790 ಜನ ಹೋದರು. ಅವತ್ತು ಹಡಗುಗಳ ಮೇಲೆ ಮುಳ್ಳು ಕೆಳಗಿಳಿಯುವುದನ್ನೇ ನೋಡುತ್ತ ನಿಂತವರಿದ್ದರು. ಸಂಜೆ ಗಾಜು ತಟ್ಟುವಾಗ ಅವರ ನೆನಪಾಗುತ್ತದೆ.

ಒಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯಲಿ ಅಂತ ಕೆಲವು ಡಯಲ್‌ಗಳಿಗೆ ರೇಡಿಯಂ (ವಿಕಿರಣ ಸೂಸುವ ಲೋಹ) ಇರುವ ಬಣ್ಣ ಹಚ್ಚಿರುತ್ತಾರೆ. ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ. ಅಂಥದ್ದರ ಗಾಜು ತೆಗೆಯಲೇಬೇಡಿ.

ಮತ್ತೊಂದು, ಬೆಂಗಳೂರಿನವರಿಗೆ. ನಿಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ. ಹಡಗಿನ ಬಾರೋಮೀಟರ್ ಅಲ್ಲಿಗೆ ತಂದರೆ ಮುಳ್ಳು ಅಂಕಿಗಳನ್ನೇ ದಾಟಿ ಕೆಳಗೆ ಹೋಗಿ ನಿಲ್ಲಬಹುದು. ಹಾಳಾಯಿತು ಅಂತ ಹಿಂಬದಿಯ ಸ್ಕ್ರೂ ತಿರುಗಿಸಬೇಡಿ. ಯಾವತ್ತಾದರೂ ಮಂಗಳೂರಿಗೆ ಬರುವಾಗ ಜೊತೆಗೆ ತನ್ನಿ, ಘಾಟಿ ಇಳಿದ ಮೇಲೆ ನೋಡೋಣ.