ಪುರುಸೊತ್ತು ಸಿಗುವುದಲ್ಲ

"ನಿಮಗೆ ಮೈದಾನದಲ್ಲಿ ಕೂತುಕೊಳ್ಳಲಿಕ್ಕೆಲ್ಲ ಪುರುಸೊತ್ತು ಹೇಗೆ ಸಿಗ್ತದೆ ಮಾರಾಯ್ರೆ?"

ಬಸ್ಸಿನಲ್ಲಿ ಕೇಳುತ್ತಾರೆ, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಮಂಗಳೂರಿನ ಹಂಪನಕಟ್ಟೆಯ ಒಂದು ಅಕೌಂಟ್ಸ್ ಆಫೀಸಿನಲ್ಲಿ ನನ್ನ ಕೆಲಸ. ದಿನಾ ಮೂರೂವರೆಗೆ ಫೋನನ್ನು ಮೇಜಿನ ಮೇಲೆ ಬಿಟ್ಟು, ಮೆಟ್ಟಿಲಿಳಿದು, ನೆಹರೂ ಮೈದಾನದ ಬದಿಯಲ್ಲಿ ಇಪ್ಪತ್ತು ನಿಮಿಷ ಕೂರುತ್ತೇನೆ. ಅಷ್ಟು ಹೊತ್ತಿಗೆ ಬಂದರಿನ ಕಡೆಯಿಂದ ಪಡುಗಾಳಿ ಬೀಸುತ್ತದೆ. ಮಕ್ಕಳು ಟೆನಿಸ್ ಬಾಲಿನಲ್ಲಿ ಆಡುತ್ತಿರುತ್ತಾರೆ. ಸ್ಕೋರ್ ಎಷ್ಟೆಂದು ಸಹ ನಾನು ಕೇಳುವುದಿಲ್ಲ.

"ಸಿಗ್ತದೆ" ಅನ್ನುವ ಮಾತೇ ನನಗಾಗುವುದಿಲ್ಲ. ಪುರುಸೊತ್ತೇನು ದಾರಿಯಲ್ಲಿ ಬಿದ್ದ ನೋಟೇ? ನಮ್ಮಲ್ಲಿ ಎಲ್ಲಕ್ಕೂ ಕೊನೆಯ ದಿನ ಉಂಟು: ತಿಂಗಳ 7ಕ್ಕೆ ಪಾವತಿಗಳಲ್ಲಿ ಹಿಡಿದ ತೆರಿಗೆ (ಟಿಡಿಎಸ್), 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 15ಕ್ಕೆ ನೌಕರರ ಪಿಎಫ್, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ. ಈ ತಾರೀಕುಗಳ ನಡುವೆ ನನಗೆ ಒಂದು ದಿನವೂ ಪುರುಸೊತ್ತು ಸಿಕ್ಕಿದ್ದಿಲ್ಲ. ನಾನದನ್ನು ತೆಗೆದುಕೊಳ್ಳುತ್ತೇನೆ. ಹಾಗೆ ತೆಗೆದುಕೊಳ್ಳಲು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ.

2019ರ ಜೂನ್ 20. ಆಗ 3ಬಿಗೆ ಅಂಕಿಗಳನ್ನು ಕೈಯಲ್ಲೇ ತುಂಬಿಸುತ್ತಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಕೂತವರು ಎದ್ದಿರಲಿಲ್ಲ. ಪೋರ್ಟಲ್ ತಿರುಗುತ್ತಲೇ ಇತ್ತು, ಫೋನ್ ಬಡಿಯುತ್ತಲೇ ಇತ್ತು. ಸಂಜೆ ಆರಕ್ಕೆ ಬುತ್ತಿಯ ಮುಚ್ಚಳ ತೆಗೆದರೆ ಮೊಸರನ್ನ ಹುಳಿ ಬಂದು, ಬದಿಯ ತೊಂಡೆಕಾಯಿ ಪಲ್ಯ ಲೋಳೆಯಾಗಿತ್ತು. ಅದನ್ನು ಚೆಲ್ಲಿ ಬಂದು ಮತ್ತೆ ಕೂತೆ. ಬಂದರಿನಲ್ಲಿ ಪೈಂಟ್ ಅಂಗಡಿ ಇಟ್ಟುಕೊಂಡಿರುವ ಹಿರಿಯರೊಬ್ಬರ ರಿಟರ್ನ್ ಫೈಲ್ ಮಾಡಿದ್ದು ಅದಾದ ಮೇಲೆ. ಅವರ ಮಾರಾಟ 1,68,000. ನಾನು ಒತ್ತಿದ್ದು 1,86,000. ಹೆಚ್ಚಾದ 18,000ಕ್ಕೆ ಶೇ. 18ರಂತೆ 3,240 ರೂಪಾಯಿ ತೆರಿಗೆ ಅವರ ಕೈಯಿಂದ ಹೋಯಿತು. 3ಬಿ ಒಮ್ಮೆ ಫೈಲ್ ಆದರೆ ತಿದ್ದಲಿಕ್ಕಿಲ್ಲ, ಮುಂದಿನ ತಿಂಗಳ ರಿಟರ್ನಿನಲ್ಲಿ ಸರಿಹೊಂದಿಸಿಕೊಳ್ಳಬೇಕು. ಸಣ್ಣ ಅಂಗಡಿಯವರಿಗೆ ಒಂದು ತಿಂಗಳ ಮಟ್ಟಿಗೆ ಅದೂ ದುಡ್ಡೇ.

ಮರುದಿನ ನಾನೇ ಅಂಗಡಿಗೆ ಹೋಗಿ ಹೇಳಿದೆ. ಬೈದರೆ ಬೈಸಿಕೊಳ್ಳುವುದೆಂದೇ ಹೋಗಿದ್ದೆ. ಅವರು ಡಬ್ಬಿಯ ಮುಚ್ಚಳ ಒತ್ತುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು: "ನಿನ್ನೆ ನಿಮ್ಮ ಊಟ ಆಗಿತ್ತಾ?"

ಆಫೀಸಿನಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ನನ್ನಿಂದ ನಷ್ಟವಾದವರು ಕೇಳಿದರು. ನನಗೆ ಉತ್ತರ ಬರಲಿಲ್ಲ.

ಹೀಗೆ ಬಿಡುವು ತೆಗೆದುಕೊಳ್ಳುವುದು ನನ್ನೊಬ್ಬರ ಹಟವೂ ಅಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಎಂದೇ ಒಂದು ಉಂಟು. ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸಬಾರದು, ಅಷ್ಟರೊಳಗೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು ಎಂದು ಅದರಲ್ಲಿ ಬರೆದಿದೆ. ನಾವು ಮಾತ್ರ ಆ ಒಂದು ಗಂಟೆಯನ್ನು ಕೀಬೋರ್ಡಿನ ಪಕ್ಕ ಬುತ್ತಿ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ಮುಗಿಸಿ, ಅದನ್ನೇ ನಿಯತ್ತು ಅಂದುಕೊಂಡಿದ್ದೇವೆ.

ಕೇಳುವುದೇ ಆದರೆ ಇದನ್ನು ಕೇಳಿ: ನೀವು ಕೆಳಗೆ ಹೋದಾಗ ನಿಮ್ಮ ಫೋನ್ ಯಾರು ಎತ್ತುತ್ತಾರೆ?

ಇದಕ್ಕೆ ಸಂತೋಷದಿಂದ ಉತ್ತರ ಕೊಡುತ್ತೇನೆ. ನನ್ನ ಎದುರಿನ ಮೇಜಿನಲ್ಲಿ ಸುರತ್ಕಲ್ಲಿನಿಂದ ಬರುವ ಹುಡುಗಿ ಇದ್ದಾಳೆ, ಕೆಲಸಕ್ಕೆ ಸೇರಿ ಎರಡು ವರ್ಷ. ನನ್ನ ಇಪ್ಪತ್ತು ನಿಮಿಷವನ್ನು ಅವಳು ಹೊರುತ್ತಾಳೆ, ಅವಳದ್ದನ್ನು ನಾನು. ಮೊದಮೊದಲು ಅವಳು ಏಳುತ್ತಿರಲಿಲ್ಲ, "ಪರವಾಗಿಲ್ಲ, ನಂಗೆ ಬೇಡ" ಅನ್ನುತ್ತಿದ್ದಳು. ಹಾಗಾದರೆ ನಾನೂ ಹೋಗುವುದಿಲ್ಲ ಅಂದೆ. ಎರಡು ದಿನ ಇಬ್ಬರೂ ಕೂತೇ ಇದ್ದೆವು. ಮೂರನೆಯ ದಿನ ಅವಳು ಚಪ್ಪಲಿ ಹಾಕಿಕೊಂಡಳು.

ಈಗ 20ನೇ ತಾರೀಕಾದರೂ ಸರಿ, ನಾಲ್ಕಕ್ಕೆ ಅವಳು ಹೊರಡುತ್ತಾಳೆ. ಅವಳ ಫೋನ್ ಬಡಿದರೆ ನಾನು ಎತ್ತುತ್ತೇನೆ.

"ಅವರೆಲ್ಲಿ? ಅರ್ಜೆಂಟ್ ಇತ್ತು."

"ಚಾ ಕುಡಿಯಲಿಕ್ಕೆ ಹೋಗಿದ್ದಾರೆ. ನನ್ನ ಹತ್ತಿರ ಹೇಳಿ, ಬರೆದುಕೊಳ್ತೇನೆ."