ಕಾರ್ಪೆಟ್ ಸುಕ್ಕು ಯಾಕೆ ಏಳುತ್ತೆ?

ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ ಅಲೆಅಲೆಯಾಗಿ ಎದ್ದರೆ ಬೈಗುಳವೆಲ್ಲ ಕಾರ್ಪೆಟ್ಟಿಗೇ. ತಪ್ಪು ಬಹುತೇಕ ಹಾಸುವಾಗ ಸಾಕಷ್ಟು ಬಿಗಿಯಾಗಿ ಎಳೆಯದ್ದು. ಮೊಣಕಾಲಿನಿಂದ ಗುದ್ದುವ ‘ನೀ ಕಿಕ್ಕರ್’ ಅನ್ನೋ ಉಪಕರಣ ಅಂಚು ಕೂರಿಸೋಕೆ, ಮೆಟ್ಟಿಲಿಗೆ ಸಾಕು. ಇಡೀ ಕೋಣೆ ಬಿಗಿಯಾಗಬೇಕಾದರೆ ಎದುರು ಗೋಡೆಗೆ ಒತ್ತುಕೊಟ್ಟು ತಳ್ಳುವ ಪವರ್ ಸ್ಟ್ರೆಚರ್ ಬೇಕೇ ಬೇಕು.

ಮುಳ್ಳುಪಟ್ಟಿಯನ್ನು (ಕಾರ್ಪೆಟ್ಟಿನ ಅಂಚನ್ನು ಕಚ್ಚಿ ಹಿಡಿಯುವ, ಮೊಳೆಮುಳ್ಳುಗಳಿರುವ ಪಟ್ಟಿ) ಗೋಡೆಯಿಂದ 6–8 ಮಿ.ಮೀ. ಬಿಟ್ಟು ಹೊಡೆಯಿರಿ, ಮುಳ್ಳುಗಳು ಗೋಡೆಯತ್ತ ವಾಲಿರಲಿ. ತಿರುಗುಮುರುಗಾದರೆ ಕಾರ್ಪೆಟ್ ಕಚ್ಚಿಕೊಳ್ಳದೆ ಜಾರುತ್ತದೆ. ಅಡಿಯ ಪ್ಯಾಡ್ ಪಟ್ಟಿಯ ಮೇಲೆ ಹತ್ತಬಾರದು, ಒಳಅಂಚಿಗೇ ನಿಲ್ಲಬೇಕು. ಸುತ್ತ 7–8 ಸೆಂ.ಮೀ. ಹೆಚ್ಚುವರಿ ಇಟ್ಟು ಕತ್ತರಿಸಿ, ಎಳೆದ ಮೇಲೆ ಉಳಿದದ್ದನ್ನು ಕತ್ತರಿಸಿ ತೆಗೆಯಿರಿ. ಜೋಡಣೆಯಿದ್ದರೆ ಎರಡೂ ತುಂಡಿನ ಎಳೆ ಒಂದೇ ದಿಕ್ಕಿಗೆ ಮಲಗಿರಲಿ. ಇಲ್ಲದಿದ್ದರೆ ಒಂದೇ ರೋಲಿನದೂ ಎರಡು ಬಣ್ಣ ಕಾಣುತ್ತದೆ.

ಯಾರ ಕಣ್ಣಿಗೂ ಬೀಳದ ಭಾಗಕ್ಕೇ ಇಷ್ಟು ಹೊತ್ತು ಹಿಡಿಯೋದು, ನೋಡಿ! ಅಂದಹಾಗೆ, ಒಳಕ್ಕೆ ತೆರೆಯುವ ಬಾಗಿಲು ತಾಗುತ್ತಾ ಅಂತ ಮೊದಲೇ ಅಳೆಯಿರಿ.